ಸಂಬಳದ ಕಳ್ಳ

ಜೂನ್ 4, ಮಂಗಳವಾರ

ಬೆಳಿಗ್ಗೆ ನಾಲ್ಕು ನಾಯಿ, ಸಂಜೆ ಎರಡು. ಎಡ ಮೊಣಕೈ ಊದಿದೆ. ನಾಯಿ ಕಚ್ಚಲೆಂದು ಕೈಗೆ ತೊಡುವ ಸ್ಲೀವಿನ ಹೊಲಿಗೆ ಮತ್ತೆ ಬಿಚ್ಚಿ ಒಳಗಿನ ಸೆಣಬು ಹೊರಗೆ ಬಂದಿದೆ. ಹೊಸದು ತರಿಸು ಅಂದೆ ಅಕ್ಕನಿಗೆ. ಕೈ ಇನ್ನೂ ಇದೆಯಲ್ಲ, ಆಮೇಲೆ ನೋಡೋಣ ಅಂದಳು.

ಭಾವನ ಸ್ಕ್ಯಾನ್ ರಿಪೋರ್ಟ್ ಬಂತು. ಡಿಸ್ಕ್ ಜಾರಿದೆ. ಇನ್ನು ಅವರು ಸ್ಲೀವ್ ತೊಡುವ ಹಾಗಿಲ್ಲ. ನಾಯಿ ಒಂದು ಸಲ ಎಳೆದರೆ ಮಂಚವೇ ಗತಿ ಎಂದಿದ್ದಾರೆ ಡಾಕ್ಟರ್. ನಾಯಿಗಳ ಅಡುಗೆ, ಗೂಡು ತೊಳೆಯುವುದು ಅವರ ಪಾಲಿಗೆ. ಕಚ್ಚಿಸಿಕೊಳ್ಳುವುದು ಪೂರ್ತಿ ನನ್ನ ಪಾಲಿಗೆ. ಕಾವಲು ನಾಯಿಗಳ ಈ ಟ್ರೇನಿಂಗ್ ಸೆಂಟರಿನಲ್ಲಿ ಇಬ್ಬರು ಕಳ್ಳರಿದ್ದೆವು. ಈಗ ಒಬ್ಬನೇ.

ಹೊಸ ಗಿರಾಕಿ ಬಂದಿದ್ದರು, ಹೆಂಗಸು. ಟೈಲರ್. ಅಂಗಡಿಯ ಹಿಂದೆಯೇ ಮನೆ, ಇರುವುದು ಒಬ್ಬರೇ. ಮಾರ್ಚಿನಲ್ಲಿ ಒಬ್ಬ ಹಿಂಬಾಗಿಲ ಚಿಲಕ ಮೀಟಿ ಒಳಗೆ ಬಂದಿದ್ದನಂತೆ. ಇವರು ಹ್ಯಾಂಗರಿಗೆ ಹಾಕಿದ್ದ ಸ್ಕೂಲ್ ಯೂನಿಫಾರ್ಮುಗಳ ಹಿಂದೆ ನಿಂತುಬಿಟ್ಟರಂತೆ. ಅವನು ಹೋದ ಮೇಲೂ ಬೆಳಗಾಗುವ ತನಕ ಅಲ್ಲೇ. ಅಂದಿನಿಂದ ಬೀದಿ ದೀಪ ಹತ್ತುವ ಮೊದಲೇ ಶಟರ್ ಎಳೆದು, ಹಿಂಬಾಗಿಲಿಗೆ ಹೊಲಿಗೆ ಮೆಷಿನ್ ಅಡ್ಡ ಇಟ್ಟು ಕೂರುತ್ತಾರೆ. ಕತ್ತಲಾದ ಮೇಲೆ ಹೊಸ್ತಿಲು ದಾಟಿಲ್ಲ. ನಿದ್ದೆಯೂ ಇಲ್ಲ. ಇದನ್ನೆಲ್ಲ ಅಳತೆ ಹೇಳಿ ಬರೆಸುವವರ ಹಾಗೆ ಹೇಳಿದರು, ಏರಿಳಿತವೇ ಇಲ್ಲ.

ಅಕ್ಕ ಅವರಿಗೆ ಮೇಷ್ಟ್ರನ್ನು ತೋರಿಸಿದಳು. ಎರಡು ವರ್ಷದ ಷೆಫರ್ಡ್. ಯಾರನ್ನೇ ಆಗಲಿ ಹೋಮ್‌ವರ್ಕ್ ಮಾಡದೆ ಬಂದವನ ಹಾಗೆ ನೋಡುತ್ತಾರೆ, ಅದಕ್ಕೇ ಆ ಹೆಸರು. ಬಹುವಚನ ಬಿಟ್ಟು ಮಾತಾಡಲು ಇಲ್ಲಿ ಯಾರಿಗೂ ಧೈರ್ಯವಿಲ್ಲ. ಟೈಲರಮ್ಮನನ್ನೂ ಹಾಗೇ ನೋಡಿದರು. ಅವರೂ ತಿರುಗಿ ಹಾಗೇ ನೋಡಿದರು. ಇಬ್ಬರಿಗೂ ಒಪ್ಪಿಗೆಯಾದಂತಿದೆ.

ಜೂನ್ 7, ಶುಕ್ರವಾರ

ಟೈಲರಮ್ಮನ ಮೊದಲ ಕ್ಲಾಸು. ವಾರಕ್ಕೊಂದು, ಶುಕ್ರವಾರ ಬೆಳಿಗ್ಗೆ. ಹಗ್ಗ ಅವರ ಕೈಯಲ್ಲಿ, ಪಕ್ಕದಲ್ಲಿ ಅಕ್ಕ. ನಾನು ಹಿಂದಿನ ಗೋಡೆ ಸುತ್ತಿ ಬಂದೆ. ಕಳ್ಳ ಗೂಡಿನ ಕಡೆಯಿಂದ ಬರಬಾರದು. ಕೋಲು ಆಡಿಸಿದೆ, ಹಿಂದೆ ಸರಿದೆ, ಹೆದರಿದಂತೆ ನಟಿಸಿದೆ. “ಹಿಡಿ” ಅಂದರು. ಮೇಷ್ಟ್ರು ಹಿಡಿದರು. ಸ್ವಲ್ಪ ಎಳೆದಾಡಿ, ಸ್ಲೀವನ್ನು ಕೈಯಿಂದ ಜಾರಿಸಿ ಬಿಟ್ಟು ಓಡಿದೆ. ಅದನ್ನು ಬಾಯಲ್ಲಿ ಹಿಡಿದು ಮೈದಾನಕ್ಕೊಂದು ಸುತ್ತು ಹಾಕಿದರು, ಕಪ್ ಗೆದ್ದವರ ಹಾಗೆ.

ಕಳ್ಳ ಯಾವಾಗಲೂ ಸೋಲಬೇಕು. ಕಳ್ಳ ಗೆದ್ದರೆ ನಾಯಿ ಕೆಟ್ಟಿತು. ಸೋಲುವುದಕ್ಕೇ ಸಂಬಳ ತೆಗೆದುಕೊಳ್ಳುವ ಉದ್ಯೋಗ ಬೇರೆ ಯಾವುದಿದೆಯೋ ತಿಳಿಯದು.

ಮುಗಿದ ಮೇಲೆ ಟೈಲರಮ್ಮ ನೋವಾಗಲ್ವಾ ಎಂದು ಕೇಳಿದರು. ಅಭ್ಯಾಸ ಅಂದೆ. ಸ್ಲೀವನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಹೊಲಿದವರನ್ನು ಕಚ್ಚಿಸಬೇಕಿತ್ತು ಅಂದರು. ಹೊಲಿದವನು ನಾನೇ. ಹೇಳಲಿಲ್ಲ. ಮನೆಗೆ ತೆಗೆದುಕೊಂಡು ಹೋದರು.

ಜೂನ್ 14, ಶುಕ್ರವಾರ

ಸ್ಲೀವ್ ತಂದುಕೊಟ್ಟರು. ಮೂರು ಸಾಲು ಹೊಲಿಗೆ. ಮೆಷಿನ್ನಿನ ಸೂಜಿ ಎರಡು ಮುರಿದವಂತೆ. ಮೊಣಕೈ ಉಜ್ಜುವ ಕಡೆ ಮೆತ್ತಗಿನ ಬಟ್ಟೆ.

“ಒಳಗೆ ಲೈನಿಂಗ್ ಕೊಟ್ಟಿದ್ದೀನಿ. ಕಚ್ಚಿಸ್ಕೊಳ್ಳೋರಿಗೂ ಸ್ವಲ್ಪ ಸುಖ ಇರಲಿ.”

ಜಾಕೆಟ್ಟಿಗೂ ಅಳತೆ ತೆಗೆದರು. ಹೆಗಲಿನಿಂದ ಮಣಿಕಟ್ಟಿಗೆ ಟೇಪ್ ಹಿಡಿದರೆ ವ್ಯಾನಿನೊಳಗಿಂದ ಮೇಷ್ಟ್ರ ಕೂಗಾಟ. ಅವರ ಯಜಮಾನಿ ಕಳ್ಳನ ಕೈ ಹಿಡಿದಿದ್ದಾರಲ್ಲ. ತೋಳು ಒಂದು ಕಡೆ ಉದ್ದ ಆಗಿದೆ ಅಂದರು. ನಾಯಿಗಳು ಎಳೆದದ್ದು ಅಂದೆ. ನಕ್ಕರು. ನಗುವುದನ್ನು ಮೊದಲ ಸಲ ನೋಡಿದ್ದು.

ಜೂನ್ 22, ಶನಿವಾರ

ಒಬ್ಬ ಗಿರಾಕಿ ಬಂದಿದ್ದ. ಹೆಂಡತಿಯ ತವರಿನವರು ಬಂದರೆ ಮಾತ್ರ ಬೊಗಳುವ ನಾಯಿ ಬೇಕಂತೆ. ಅದಕ್ಕೆ ನಾಯಿ ಯಾಕೆ, ನೀವೇ ಸಾಕಲ್ಲ ಅಂದಳು ಅಕ್ಕ. ಗಿರಾಕಿ ಹೋದ.

ಸಂಜೆ ಅಕ್ಕ ಹೇಳಿದಳು: ಮೇಷ್ಟ್ರಿಗೆ ಬೇರೆ ಮುಖಗಳೂ ಬೇಕು, ಹಿಂದೊಮ್ಮೆ ಕಳ್ಳನಾಗಲು ಬಂದಿದ್ದ ಜಿಮ್ಮಿನವನನ್ನು ಕರೆಸೋಣ. ಮೊದಲಾದರೆ ಒಂದು ದಿನ ನಾನು, ಒಂದು ದಿನ ಭಾವ. ಆ ಮಾತೇ ಬರುತ್ತಿರಲಿಲ್ಲ. ಬೇಡ ಅಂದೆ. ಆ ಜಿಮ್ಮಿನವನಿಗೆ ಹೇಳಿದ ಟೈಮಿಗೆ ಬರುವುದು ಗೊತ್ತಿಲ್ಲ. ನಾನೇ ಟೋಪಿ ಹಾಕುತ್ತೇನೆ, ಅಂಗಿ ಬದಲಿಸುತ್ತೇನೆ, ಕುಂಟುತ್ತೇನೆ. ನಾಯಿಗೆ ಅಷ್ಟು ಸಾಕು.

ಅಕ್ಕ ನನ್ನನ್ನೇ ನೋಡಿದಳು. ಕಳ್ಳನಿಗೊಂದು ಪಿಳ್ಳೆ ನೆವ ಅಂದು ಒಳಗೆ ಹೋದಳು.

ಜುಲೈ 5, ಶುಕ್ರವಾರ

ಟೋಪಿ ಹಾಕಿ, ಕುಂಟಿಕೊಂಡು ಹೋದೆ. ಮೇಷ್ಟ್ರು ಹಿಡಿದರು. “ಬಿಡು” ಅಂದ ಕೂಡಲೇ ಬಿಟ್ಟರು. ಟೈಲರಮ್ಮನ ದನಿ ಈಗ ಗಟ್ಟಿಯಾಗಿದೆ.

ಆಮೇಲೆ ಫ್ಲಾಸ್ಕಿನಿಂದ ಟೀ. ಕಳ್ಳರಿಗೆ ಸಕ್ಕರೆ ಎಷ್ಟು ಅಂತ ಕೇಳಿದರು. ವ್ಯಾನಿನ ಆ ಬದಿ ಕೂತು ಕುಡಿದೆವು, ಮೇಷ್ಟ್ರಿಗೆ ಕಾಣದ ಹಾಗೆ. ಕಳ್ಳ ನಾಯಿಯ ಕಣ್ಣೆದುರು ತಿನ್ನಬಾರದು, ನಗಬಾರದು, ಅದರ ಮೈ ಮುಟ್ಟಬಾರದು. ಹತ್ತೊಂಬತ್ತು ವರ್ಷ ಈ ಕೆಲಸದಲ್ಲಿ. ಇಲ್ಲಿ ಬಂದುಹೋದ ಎಲ್ಲ ನಾಯಿಗಳ ಹಲ್ಲೂ ಗೊತ್ತು, ಒಂದರ ತಲೆಯನ್ನೂ ಸವರಿಲ್ಲ. ಇದನ್ನು ಅವರಿಗೆ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಅವರು ಅಯ್ಯೋ ಪಾಪ ಅನ್ನಲಿಲ್ಲ, ಅದೇ ಹಿಡಿಸಿತು.

ಶುಕ್ರವಾರ ಬಂದರೆ ಬೆಳಿಗ್ಗೆ ಎದ್ದು ಶೇವ್ ಮಾಡುತ್ತಿದ್ದೇನೆ. ಕಳ್ಳರೂ ಶೇವ್ ಮಾಡ್ತಾರಾ ಅಂತ ಅಕ್ಕನ ಪ್ರಶ್ನೆ. ನಲವತ್ತಾರು ವಯಸ್ಸು. ನಾಚಿಕೆಯಾಯಿತು.

ಜುಲೈ 27, ಶನಿವಾರ

ಮೇಷ್ಟ್ರನ್ನು ಒಪ್ಪಿಸಿದ ದಿನ. ಅವರ ಮನೆಯಲ್ಲೇ ಕೊನೆಯ ಪರೀಕ್ಷೆ. ಹಿಂದಿನ ಕಾಂಪೌಂಡ್ ಹಾರಿ ಬಂದೆ. ಅಂಗಳದ ಮಧ್ಯದಲ್ಲೇ ಹಿಡಿದರು. “ಬಿಡು.” ಬಿಟ್ಟರು. ಅಲುಗಾಡದೆ ನಿಂತೆ, ಎದುರು ಕೂತು ಬೊಗಳುತ್ತ ಕಾವಲು ಕಾದರು. ನೂರಕ್ಕೆ ನೂರು. ಅಕ್ಕ ಇಷ್ಟು ಖುಷಿಯಾಗಿದ್ದು ಭಾವನನ್ನು ಮದುವೆಯಾದಾಗಲೂ ಇಲ್ಲವಂತೆ — ಭಾವನೇ ಹೇಳಿದ್ದು.

ಹೊರಡುವಾಗ ಟೈಲರಮ್ಮ ಗೇಟಿನವರೆಗೆ ಬಂದರು. ಇನ್ನು ಶುಕ್ರವಾರ ಇಲ್ಲ. ಫೋನ್ ಮಾಡಿ ಅಂದೆ, ಮೇಷ್ಟ್ರ ಸಮಾಚಾರ ತಿಳಿಸೋಕೆ.

ಜುಲೈ 29

ಫೋನ್ ಬಂತು. ರಾತ್ರಿ ಬಾಗಿಲಿಗೆ ಮೆಷಿನ್ ಅಡ್ಡ ಇಡಲಿಲ್ಲವಂತೆ. ಬೆಳಿಗ್ಗೆ ಎದ್ದಾಗ ಬಿಸಿಲು ಬಂದಿತ್ತಂತೆ. ಇಡೀ ದಿನ ನನಗೆ ಹಸಿವೇ ಆಗಲಿಲ್ಲ.

ಆಗಸ್ಟ್ 19, ಸೋಮವಾರ

ಟೈಲರಮ್ಮ ಫೋನ್ ಮಾಡಿದರು. ಈಗ ವಾರಕ್ಕೆರಡು ಸಲ ಮಾಡುತ್ತಾರೆ, ಮೇಷ್ಟ್ರ ಸಮಾಚಾರ ಎರಡು ನಿಮಿಷ, ಉಳಿದದ್ದು ನಮ್ಮದು. ಇವತ್ತು ನಗುತ್ತಿದ್ದರು. ಕರೆಂಟ್ ಮೀಟರ್ ಓದುವ ಹೊಸಬ ಬೆಲ್ಲೂ ಒತ್ತದೆ ಹಿಂದಿನ ಗೇಟ್ ತೆಗೆದು ನೇರ ಅಂಗಳಕ್ಕೆ ಬಂದನಂತೆ. ಮೇಷ್ಟ್ರು ಎದ್ದು ಹೋಗಿ, ಅವನ ಕೈ ಮೂಸಿ, ಬಾಲ ಆಡಿಸಿ, ತಮ್ಮ ರಬ್ಬರ್ ಚೆಂಡನ್ನು ತಂದು ಅವನ ಕಾಲ ಬಳಿ ಇಟ್ಟರಂತೆ. ಒಳ್ಳೆಯವರು ಯಾರು ಅಂತ ಅವರಿಗೆ ಗೊತ್ತಾಗುತ್ತೆ ಅಂದರು.

ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ನಿಂತಿತು. ಗುರುತಿಲ್ಲದವನು, ಹಿಂದಿನ ಗೇಟು, ಹೇಳದೆ ಕೇಳದೆ. ಬೊಗಳಿ ನಿಲ್ಲಿಸಬೇಕಿತ್ತು. ಚೆಂಡು ತಂದುಕೊಟ್ಟರಂತೆ…

ಅಕ್ಕನಿಗೆ ಹೇಳಬೇಕು. ನಾಳೆ.

ಆಗಸ್ಟ್ 21, ಬುಧವಾರ

ಹೇಳಿದೆ. ಅಕ್ಕ ಜಿಮ್ಮಿನವನಿಗೆ ಫೋನ್ ಮಾಡಿದಳು.

ಹನ್ನೊಂದಕ್ಕೆ ಹೋದೆವು. ಟೈಲರಮ್ಮನಿಗೆ ಸುಮ್ಮನೆ ಒಂದು ಚೆಕಪ್ ಅಂದದ್ದು. ನಾನು ವ್ಯಾನಿನೊಳಗೆ ತಲೆ ಬಗ್ಗಿಸಿ ಕೂತೆ. ಜಿಮ್ಮಿನವನು ಕೋಟಿನ ಒಳಗೆ ತೆಳ್ಳನೆ ಸ್ಲೀವ್ ಹಾಕಿ, ಕೈಯಲ್ಲಿ ರಾಡ್ ಹಿಡಿದು ಕಾಂಪೌಂಡ್ ಹಾರಿದ. ಮೇಷ್ಟ್ರು ಹತ್ತಿರ ಹೋದರು. ಮೂಸಿದರು. “ಹಿಡಿ” ಅಂದರು ಟೈಲರಮ್ಮ. ಮೇಷ್ಟ್ರು ಅವನನ್ನು ದಾಟಿ ಗೇಟಿನ ಕಡೆ ನೋಡಿದರು. ಅಲ್ಲಿ ನೋಡಿದರು, ಇಲ್ಲಿ ನೋಡಿದರು. ಬಾಲ ಆಡುತ್ತಿತ್ತು. ನನ್ನನ್ನು ಹುಡುಕುತ್ತಿದ್ದರು.

ಅಕ್ಕ ನನ್ನನ್ನು ಇಳಿಸಿದಳು. ಬರಿಗೈಯಲ್ಲಿ ಗೇಟಿನ ಆಚೆ ನಿಂತೆ, ಅಷ್ಟೇ. ಮೇಷ್ಟ್ರ ಬೆನ್ನಿನ ಕೂದಲೆಲ್ಲ ಎದ್ದು ನಿಂತಿತು. ಹಗ್ಗ ಹಿಡಿಯಲು ಅಕ್ಕನೂ ಸೇರಬೇಕಾಯಿತು. ಪಕ್ಕದಲ್ಲೇ ರಾಡ್ ಹಿಡಿದು ನಿಂತಿದ್ದವನ ಕಡೆ ತಿರುಗಿಯೂ ನೋಡಲಿಲ್ಲ.

ಟೈಲರಮ್ಮನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಒಳಗೆ ಹೋದರು.

ವಾಪಸ್ ಬರುವಾಗ ಸಿಗ್ನಲ್ಲಿನಲ್ಲಿ ವ್ಯಾನ್ ನಿಂತಿತು. ಅಕ್ಕ ಅಂದಳು.

“ಕಳ್ಳ ಅಂದ್ರೆ ಯಾರು ಅಂತ ನೀನು ಆ ನಾಯಿಗೆ ಕಲಿಸಿಲ್ಲ ಕಣೋ. ನೀನು ಯಾರು ಅಂತ ಕಲಿಸಿದ್ದೀಯ. ಪ್ರಪಂಚದಲ್ಲಿ ಒಬ್ಬನಿಂದ ಮಾತ್ರ ಅದು ಆ ಹೆಂಗಸನ್ನ ಕಾಪಾಡುತ್ತೆ.”

ಅದೇ ದಿನ, ಸಂಜೆ

ನಾನೇ ಫೋನ್ ಮಾಡಿದೆ. ಬೇರೆಯವರನ್ನು ಕರೆಸಬೇಕಿತ್ತು, ಕರೆಸಲಿಲ್ಲ, ತಪ್ಪು ನನ್ನದು ಅಂದೆ.

“ಹಾಗಾದ್ರೆ ಇಷ್ಟು ದಿನ ನಾನು ಮಾಡಿದ್ದು ಸುಳ್ಳು ನಿದ್ದೆನಾ?”

ಯಾಕೆ ಕರೆಸಲಿಲ್ಲ ಅಂತ ಕೇಳಿದರು. ಅಡ್ಡಗೋಡೆಯ ಮೇಲೆ ದೀಪ ಇಡಬಹುದಿತ್ತು. ಇಡಲಿಲ್ಲ. ಶುಕ್ರವಾರ ನೀವು ಬರ್ತಿದ್ರಿ, ಆ ದಿನ ಇನ್ನೊಬ್ಬನಿಗೆ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ ಅಂದೆ.

“ಮೊದಲು ನಾಯಿ ಸರಿ ಮಾಡಿ ಕೊಡಿ,” ಅಂದು ಫೋನ್ ಇಟ್ಟರು.

ಹಿಂಬಾಗಿಲಿಗೆ ಇವತ್ತು ಮತ್ತೆ ಮೆಷಿನ್ ಅಡ್ಡ ಹೋಗಿರುತ್ತದೆ. ನನ್ನಿಂದ.

ಸೆಪ್ಟೆಂಬರ್ 1, ಭಾನುವಾರ

ಮೇಷ್ಟ್ರು ಮತ್ತೆ ಕಲಿಯಲು ನಮ್ಮಲ್ಲೇ ಇದ್ದಾರೆ. ನನಗೆ ಮೈದಾನಕ್ಕೆ ಪ್ರವೇಶವಿಲ್ಲ. ಭಾವನ ಜೊತೆ ಬಟ್ಟಲು ತೊಳೆಯುತ್ತಿದ್ದೇನೆ. ಜಿಮ್ಮಿನವನು, ಅವನ ಗೆಳೆಯ, ಒಬ್ಬಳು ವಾಲಿಬಾಲ್ ಕೋಚ್ — ದಿನಕ್ಕೊಬ್ಬ ಕಳ್ಳ. ಪಾರ್ಕಿಂಗಿನಲ್ಲಿ, ಮೆಟ್ಟಿಲ ಮೇಲೆ, ಮುಚ್ಚಿದ ಅಂಗಡಿಯ ಒಳಗೆ. ಸ್ಲೀವ್ ಕಾಣುವ ಹಾಗಿಲ್ಲ. ಟೈಲರಮ್ಮ ಹಗಲಿನಲ್ಲಿ ಅಂಗಡಿ ಮುಚ್ಚಿ ಬರುತ್ತಾರೆ. ಸ್ಟೋರಿನ ಗೋಡೆಯ ಈಚೆ ಅವರ ದನಿ ಮಾತ್ರ ನನ್ನ ಪಾಲು. ಹಿಡಿ. ಬಿಡು. ಹಿಡಿ. ಬಿಡು.

ಈ ಮನೆಯಲ್ಲಿ ನನ್ನನ್ನು ಕಚ್ಚಿದ್ದು ನಾಯಿಗಳು ಮಾತ್ರ ಅಂದುಕೊಂಡಿದ್ದೀಯಾ ಅಂದರು ಭಾವ, ಬಟ್ಟಲು ಉಜ್ಜುತ್ತಾ. ಅಕ್ಕನಿಗೆ ಕೇಳಿಸಿತು. ಇಬ್ಬರಿಗೂ ಇನ್ನಷ್ಟು ಬಟ್ಟಲು ಬಂದವು.

ಸೆಪ್ಟೆಂಬರ್ 15, ಭಾನುವಾರ

ಮೇಷ್ಟ್ರು ಪಾಸ್. ಈ ಸಲ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲದ ಇಬ್ಬರನ್ನು ಅಕ್ಕ ಎಲ್ಲಿಂದಲೋ ಕರೆಸಿದ್ದಳು. ಇಬ್ಬರನ್ನೂ ಅಂಗಳ ದಾಟಲು ಬಿಡಲಿಲ್ಲ. ಒಬ್ಬ ಬಿಸ್ಕತ್ ಎಸೆದ, ಅದನ್ನು ತುಳಿದುಕೊಂಡೇ ಹೋಗಿ ಹಿಡಿದರಂತೆ. ಟೈಲರಮ್ಮನ ಎದುರೇ ಅಕ್ಕ ಮೂರು ಸಲ ತಿರುಗಿ ತಿರುಗಿ ನೋಡಿ, ಈಗ ಇದು ನಾಯಿ ಅಂದಳಂತೆ.

ಸೆಪ್ಟೆಂಬರ್ 18

ಅವರೇ ಫೋನ್ ಮಾಡಿದರು. ನಿದ್ದೆ ಬಂತು, ಈ ಸಲ ನಿಜವಾದ್ದು ಅಂದರು. ಭಾನುವಾರ ಊಟಕ್ಕೆ ಬನ್ನಿ ಅಂದರು. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಸೆಪ್ಟೆಂಬರ್ 22, ಭಾನುವಾರ

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಗೇಟಿನಿಂದ ನೂರಡಿ ದೂರ ಇರುವಾಗಲೇ ಮೇಷ್ಟ್ರಿಗೆ ಗೊತ್ತಾಯಿತು. ಟೈಲರಮ್ಮ ಹಗ್ಗ ಹಿಡಿದು ಸಮಾಧಾನ ಮಾಡಿದರು, ಗದರಿದರು, ಬೇಡಿಕೊಂಡರು. ನಾನು ಬೇರೆ ಇಸ್ತ್ರಿ ಅಂಗಿ ಹಾಕಿದ್ದೆ. ಮೇಷ್ಟ್ರ ಕಣ್ಣಿಗೆ ಅದು ಕಳ್ಳನ ಇನ್ನೊಂದು ವೇಷ. ಟೈಲರಮ್ಮ ಅವರನ್ನು ಅಂಗಡಿಯ ಟ್ರಯಲ್ ರೂಮಿನಲ್ಲಿ ಕೂಡಿಹಾಕಿದರು. ಬಾಗಿಲಿನ ಚಿಲಕ ಕಿತ್ತು ಬಂತು. ಹಾಗಾದರೆ ಕಟ್ಟಿಹಾಕಲೇ ಅಂದರು. ಬೇಡ ಅಂದೆ. ಮನೆಗೆ ಜನ ಬಂದಾಗ ನಾಯಿಯನ್ನು ಕಟ್ಟಿಹಾಕಬೇಡಿ, ಕಾವಲು ಬೇಕಾಗಿರುವುದೇ ಆಗ ಎಂದು ಎಲ್ಲ ಗಿರಾಕಿಗಳಿಗೂ ಹೇಳುವವನು ನಾನೇ.

ಊಟ ಡಬ್ಬಿಯಲ್ಲಿ ಕಾಂಪೌಂಡ್ ದಾಟಿ ಬಂತು. ಎದುರಿನ ಬಸ್ ಸ್ಟಾಪಿನಲ್ಲಿ ಕೂತು ತಿಂದೆ. ಅವರು ಕಿಟಕಿಯಲ್ಲಿ ಕೂತು ಉಂಡರು. ಮೇಷ್ಟ್ರು ಮಧ್ಯದಲ್ಲಿ. ಊಟ ಬಹಳ ಚೆನ್ನಾಗಿತ್ತು. ಬಸ್ಸು ಬಂದಾಗ ಎದ್ದು ಹತ್ತಿಬಿಟ್ಟೆ, ಡಬ್ಬಿ ಇನ್ನೂ ನನ್ನ ಬಳಿಯೇ ಇದೆ.

ಸೆಪ್ಟೆಂಬರ್ 24, ಮಂಗಳವಾರ

ಅಕ್ಕನನ್ನು ಕೇಳಿದೆ. ಮೇಷ್ಟ್ರಿಗೂ ನನಗೂ ಸ್ನೇಹ ಮಾಡಿಸಲು ಆಗುತ್ತದಾ?

ಆಗುತ್ತದಂತೆ. ಟೈಲರಮ್ಮ ಹಗ್ಗ ಹಿಡಿದು ನಡೆಯಬೇಕು, ನಾನು ದೂರದಲ್ಲಿ ಜೊತೆಗೆ ನಡೆಯಬೇಕು, ದಿನ ದಿನಕ್ಕೆ ಹತ್ತಿರ. ಕೊನೆಗೆ ಅನ್ನ ನನ್ನ ಕೈಯಿಂದ. ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ಹೇಳಿ ಮುಖ ಗಂಟು ಹಾಕಿದಳು. ಈಗ ತಾನೇ ಗಟ್ಟಿಯಾದ ನಾಯಿ. ಹಿಡಿ ಹಿಡಿ ಅಂದ ಕಳ್ಳನನ್ನೇ ನಾಳೆ ಮನೆಯೊಳಗೆ ಕರೆದು ಕೂರಿಸಿದರೆ, ಮುಂದೆ ಇನ್ನೊಬ್ಬ ಬಂದಾಗ ಅದು ಯೋಚನೆ ಮಾಡುತ್ತೆ. ಕಾವಲು ನಾಯಿ ಯೋಚನೆ ಮಾಡಬಾರದು. ಕೆಡಲೂಬಹುದು, ಕೆಡದೆಯೂ ಇರಬಹುದು.

“ಬೇರೆ ಯಾರೇ ಆಗಿದ್ರೂ ಮಾಡಬೇಡ ಅಂತಿದ್ದೆ. ನೀನು ನನ್ನ ತಮ್ಮ. ಅದಕ್ಕೇ ಆಯಮ್ಮನನ್ನೇ ಕೇಳು ಅಂತೀನಿ. ನಿದ್ದೆ ಅವರದ್ದು.”

ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಕ್ಕನ ಅನುಮಾನವನ್ನೂ ಸೇರಿಸಿ. ಯೋಚನೆ ಮಾಡಿ ಹೇಳ್ತೀನಿ ಅಂದರು.

ಅಕ್ಟೋಬರ್ 1, ಮಂಗಳವಾರ

“ಬೇಡ. ಮೇಷ್ಟ್ರು ಹೇಗಿದ್ದಾರೋ ಹಾಗೇ ಇರಲಿ. ನೀವು ಒಳಗೆ ಬರೋ ವಿಚಾರ ಬಿಟ್ಟುಬಿಡಿ.”

ಸರಿ ಅಂದೆ. ಇನ್ನೇನು ಅನ್ನಲಿ. ಕೊನೆಗೆ ನನಗೆ ಸ್ವಲ್ಪ ಟೈಮ್ ಕೊಡಿ ಅಂದರು. ಟೈಮ್ ಅಂದರೇನು ಅಂತ ಗೊತ್ತು. ನಾಯಿ ಬೇಡವಾದ ಗಿರಾಕಿಗಳೂ ಹೀಗೇ ಮರ್ಯಾದೆಯಿಂದ ಹೇಳಿ ಹೋಗುತ್ತಾರೆ.

ಅವರು ಮಾಡಿದ್ದು ಸರಿ. ನನ್ನನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೂ ಹೊಟ್ಟೆಕಿಚ್ಚು, ನಾಯಿಯ ಮೇಲೆ. ಇಂಥದನ್ನು ಬರೆಯುವುದಕ್ಕೂ ನಾಚಿಕೆ.

ಅಕ್ಟೋಬರ್ 19, ಶನಿವಾರ, ಸಂಜೆ

ಬೆಳಿಗ್ಗೆ ಮೂರು ನಾಯಿ. ಈಗ ಯಾವ ನಾಯಿಗೂ ಎರಡು ಸಲಕ್ಕಿಂತ ಹೆಚ್ಚು ಕಚ್ಚಲು ನಾನು ಕೈ ಕೊಡುವುದಿಲ್ಲ, ಉಳಿದದ್ದು ಜಿಮ್ಮಿನವನಿಗೆ. ಟೈಮಿಗೆ ಸರಿಯಾಗಿಯೇ ಬರುತ್ತಾನೆ ಪುಣ್ಯಾತ್ಮ. ಸಣ್ಣ ಡಾಬರ್‌ಮನ್ ಒಂದಿದೆ, ಹಿಡಿದ ಮೇಲೆ ಕಣ್ಣು ಮುಚ್ಚುತ್ತದೆ. ಹೆದರಿಕೆ. ನಿಧಾನಕ್ಕೆ ಹೋಗಬೇಕು ಅದರ ಹತ್ತಿರ.

ಟೈಲರಮ್ಮನಿಂದ ಫೋನಿಲ್ಲ. ನಾನೂ ಮಾಡಿಲ್ಲ. ಬೇಡ ಅಂದವರ ಮನೆಗೆ ನುಗ್ಗುವುದು ಡ್ಯೂಟಿ ಮೇಲೆ ಮಾತ್ರ. ಬರೆದರೆ ಮನಸ್ಸು ಹಗುರ ಆಗುತ್ತದೆ ಅಂತಾರೆ. ಆಗಿಲ್ಲ.

ನಾಯಿಗಳೆಲ್ಲ ಒಟ್ಟಿಗೆ ಬೊಗಳುತ್ತಿವೆ. ಗೇಟಿನಲ್ಲಿ ಯಾರೋ. ಕತ್ತಲಾಗಿ ಗಂಟೆಯಾಯಿತು, ಈ ಹೊತ್ತಿಗೆ ಗಿರಾಕಿಗಳು ಬರುವುದಿಲ್ಲ. ಅಕ್ಕ ಟಾರ್ಚ್ ಹಿಡಿದು ಹೋಗಿದ್ದಾಳೆ.

ಅಕ್ಕ ಬಂದಳು. ಟೈಲರಮ್ಮನಂತೆ. ಈ ಕತ್ತಲಲ್ಲಿ ಬಸ್ಸಿನಲ್ಲಿ ಬಂದಿದ್ದಾರೆ, ಒಬ್ಬರೇ. ನಾಯಿ ಜೊತೆಯಲ್ಲಿಲ್ಲ. ಏನಾಯಿತು, ಮೇಷ್ಟ್ರೆಲ್ಲಿ ಅಂತ ಅಕ್ಕ ಗಾಬರಿಯಿಂದ ಕೇಳಿದ್ದಕ್ಕೆ ಅವರು ಅಂದದ್ದು ಇಷ್ಟು:

“ಅವರು ಮನೆ ನೋಡ್ಕೋತಾರೆ. ಅದಕ್ಕೇ ನಾನು ಬಂದೆ.”

ಅಕ್ಕ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ. ಬರೆಯೋದು ಆಮೇಲೆ, ಮೊದಲು ಎದ್ದೇಳೋ ಅಂತಿದ್ದಾಳೆ. ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಮಂಚದ ಕೆ—